ಊಟ, ಹೊಟ್ಟೆ ಮತ್ತು ತಾಳ ತಪ್ಪುವ ಎದೆಬಡಿತ

ಉಣ್ಣುವಾಗ, ಉಂಡ ಒಂದೆರಡು ಗಂಟೆಯೊಳಗೆ, ಇಲ್ಲವೇ ಹೊಟ್ಟೆಯುಬ್ಬರ, ಎದೆಯುರಿ, ವಾಂತಿಭೇದಿಗಳ ಜೊತೆಯಲ್ಲಿ ಹೃದಯದ ಬಡಿತ ಏರುಪೇರಾಗುವುದು ವೈದ್ಯರಿಗೂ ರೋಗಿಗಳಿಗೂ ಬಹುಕಾಲದಿಂದ ಗೊತ್ತಿರುವ ಸಂಗತಿ. ಕೆಲವರಿಗೆ ಅದು ಆಗೊಮ್ಮೆ ಈಗೊಮ್ಮೆ ತಪ್ಪಿದಂತೆನಿಸುವ ಒಂದು ಬಡಿತ. ಕೆಲವರಿಗೆ ಇದ್ದಕ್ಕಿದ್ದಂತೆ ಶುರುವಾಗಿ ಇದ್ದಕ್ಕಿದ್ದಂತೆ ನಿಲ್ಲುವ ಡವಡವ. ಇನ್ನು ಕೆಲವರಿಗೆ ನಾಡಿ ಹಿಡಿದು ನೋಡಿದರೆ ಯಾವ ಲೆಕ್ಕಕ್ಕೂ ಸಿಗದ ಓಟ. ಹೊಟ್ಟೆಯಿಂದ ಹೃದಯಕ್ಕೆ ಹೋಗುವ ದಾರಿಗಳು ಹಲವು. ನರ, ರಕ್ತದ ಹರಿವು, ಲವಣಾಂಶ, ನುಂಗಿದ ಔಷಧಿ, ಅಂಗಾಂಗಗಳ ಬರಿಯ ನೆರೆಹೊರೆ, ಇವೆಲ್ಲ ಅದರಲ್ಲಿ ಸೇರಿವೆ. ಈ ದಾರಿಗಳು ಕಲ್ಪನೆಯಲ್ಲ. ಆದರೆ ಒಬ್ಬ ರೋಗಿಯ ಎದೆಬಡಿತಕ್ಕೆ ಹೊಟ್ಟೆಯೇ ಕಾರಣ ಎಂದು ಹೇಳಬೇಕಾದರೆ ಹೃದಯವನ್ನು ಮೊದಲು ನೋಡಿರಬೇಕು. ನಮ್ಮ ಮನೆಗಳಲ್ಲಿ ಈ ಕ್ರಮ ಬಹಳ ಸಲ ತಿರುವುಮುರುವಾಗುತ್ತದೆ. ಎದೆಯ ಯಾವ ತೊಂದರೆಯೂ ಮೊದಲು ‘ಗ್ಯಾಸ್’ ಅನ್ನಿಸಿಕೊಂಡು, ಸೋಡಾ, ಜೀರಿಗೆ ಕಷಾಯ, ಅಂಗಡಿಯ ಆಸಿಡಿಟಿ ಮಾತ್ರೆ ಎಲ್ಲವನ್ನೂ ದಾಟಿದ ಮೇಲೆ ಇಸಿಜಿಯ ಬಾಗಿಲಿಗೆ ಬರುತ್ತದೆ. ಆ ತಡದಲ್ಲಿ ಜೀವಗಳು ಹೋಗಿವೆ.

ಬಡಿತ ತಪ್ಪುವುದು ಎಂದರೆ

ಹೃದಯದ ಬಲ ಮೇಲ್ಕೋಣೆಯ, ಅಂದರೆ ಬಲ ಹೃತ್ಕರ್ಣದ ಗೋಡೆಯಲ್ಲಿ ಸೈನಸ್ ಗಂಟು ಇದೆ. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ 1907ರಲ್ಲಿ ಇದನ್ನು ವಿವರಿಸಿದರು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100 ಸಲ ಇಲ್ಲಿಂದ ಹೊರಡುವ ವಿದ್ಯುತ್ ಸಂಕೇತ ಮೊದಲು ಹೃತ್ಕರ್ಣಗಳನ್ನು, ಆಮೇಲೆ ಕೆಳಗಿನ ಹೃತ್ಕುಕ್ಷಿಗಳನ್ನು ಮಿಡಿಸುತ್ತದೆ. ಊಟವಾದ ಮೇಲೆ ಜನ ಹೆಚ್ಚಾಗಿ ಹೇಳಿಕೊಳ್ಳುವ ದೂರು, ‘ಒಂದು ಬಡಿತ ನಿಂತೇಹೋಯಿತು, ಮುಂದಿನದು ಎದೆಗೆ ಗುದ್ದಿತು’ ಎಂಬುದು. ಅಲ್ಲಿ ನಿಜಕ್ಕೂ ಆಗುವುದು ಹೀಗೆ: ಹೃದಯದ ಬೇರೊಂದು ಮೂಲೆಯಿಂದ ಒಂದು ಬಡಿತ ಹೊತ್ತಿಗೆ ಮೊದಲೇ ಹೊರಡುತ್ತದೆ. ಆ ಗಳಿಗೆಯಲ್ಲಿ ಹೃತ್ಕುಕ್ಷಿ ಇನ್ನೂ ತುಂಬಿರುವುದಿಲ್ಲವಾದ್ದರಿಂದ ನಾಡಿಯಲ್ಲಿ ಅದು ಗೊತ್ತೇ ಆಗದೆ ಹೋಗಬಹುದು. ಅದರ ಹಿಂದೆ ಒಂದು ದೀರ್ಘ ಬಿಡುವು ಬರುತ್ತದೆ. ಬಿಡುವಿನಲ್ಲಿ ಹೃದಯ ಹೆಚ್ಚು ರಕ್ತ ತುಂಬಿಕೊಂಡು ಮುಂದಿನ ಬಡಿತವನ್ನು ಜೋರಾಗಿ ಹೊಡೆಯುತ್ತದೆ. ಗುದ್ದಿದಂತಾಗುವುದು ಈ ಎರಡನೆಯದು, ತಪ್ಪಿದ್ದಲ್ಲ. ಇಂಥ ಅಕಾಲ ಬಡಿತಗಳು ಆರೋಗ್ಯವಂತರಲ್ಲೂ ದಿನಕ್ಕೆ ಹಲವು ಸಲ ಬಂದುಹೋಗುತ್ತವೆ. ಹೃದಯದ ರಚನೆ ಸರಿಯಾಗಿದ್ದರೆ ಬಹುಪಾಲು ನಿರುಪದ್ರವಿ.

ಏಟ್ರಿಯಲ್ ಫಿಬ್ರಿಲೇಶನ್ ಇಷ್ಟು ಸೌಮ್ಯವಲ್ಲ. ಹೃತ್ಕರ್ಣಗಳಲ್ಲಿ ನಿಮಿಷಕ್ಕೆ 350ರಿಂದ 600ರಷ್ಟು ಸಂಕೇತಗಳು ಅಡ್ಡಾದಿಡ್ಡಿ ಓಡುತ್ತವೆ. ಗೋಡೆ ಹಿಂಡುವ ಬದಲು ಬರಿದೇ ಅದುರುತ್ತದೆ. ನಾಡಿ ಪೂರ್ತಿ ಅಕ್ರಮವಾಗುತ್ತದೆ. ಎಡ ಹೃತ್ಕರ್ಣದ ಕಿವಿಯಂಥ ಚೀಲದಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ದೀರ್ಘಕಾಲದ ಅಧ್ಯಯನದಲ್ಲಿ ಈ ತೊಂದರೆಯಿದ್ದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು ಹೆಚ್ಚು ಕಂಡಿತು. ‘ಊಟದ ಮೇಲೆ ಎದೆ ಹೊಡೆದುಕೊಳ್ಳುತ್ತದೆ’ ಎಂಬ ಒಂದೇ ದೂರಿನ ಹಿಂದೆ ಈ ಎರಡರಲ್ಲಿ ಯಾವುದೂ ಇರಬಹುದು.

ಅನ್ನನಾಳದ ನೆರೆಯಲ್ಲಿ

ನುಂಗಿದ ತುತ್ತು ಗಂಟಲಿನಿಂದ ಜಠರಕ್ಕಿಳಿಯುವಾಗ ಎಡ ಹೃತ್ಕರ್ಣದ ಬೆನ್ನಿಗೆ ಒರಸಿಕೊಂಡೇ ಹೋಗುತ್ತದೆ. ಎರಡರ ನಡುವೆ ಇರುವುದು ಕೆಲವೇ ಮಿಲಿಮೀಟರು. ಹೃದಯ ಕೂತಿರುವುದು ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುಪದರವಾದ ವಪೆಯ ಮೇಲೆ. ವಪೆಯ ಎಡ ಗುಮ್ಮಟದ ಕೆಳಗೇ ಜಠರದ ಮೇಲ್ಭಾಗ, ನುಂಗಿದ ಗಾಳಿ ಹೋಗಿ ಸೇರಿಕೊಳ್ಳುವ ಜಾಗ. ಒಂದೇ ಮನೆಯ ಎರಡು ಕೋಣೆಗಳ ನಡುವಿನ ತೆಳುಗೋಡೆಯಂತೆ ಈ ಪದರಗಳು ಒಂದು ಕಡೆಯ ಸದ್ದನ್ನು ಇನ್ನೊಂದು ಕಡೆಗೆ ದಾಟಿಸುತ್ತವೆ.

ವೈದ್ಯರು ಈ ನೆರೆತನವನ್ನು ಬಹುಕಾಲದಿಂದ ಬಳಸಿಕೊಂಡಿದ್ದಾರೆ. ಎಕೋ ಯಂತ್ರ ಬರುವ ಮೊದಲು ಎಡ ಹೃತ್ಕರ್ಣ ಹಿಗ್ಗಿದೆಯೇ ಎಂದು ತಿಳಿಯಲು ರೋಗಿಗೆ ಬೇರಿಯಂ ನುಂಗಿಸಿ ಎಕ್ಸ್‌ರೇ ತೆಗೆಯುತ್ತಿದ್ದರು. ಹಿಗ್ಗಿದ ಹೃತ್ಕರ್ಣ ಅನ್ನನಾಳವನ್ನು ಹಿಂದಕ್ಕೆ ತಳ್ಳಿರುವುದು ಬಿಳಿಗೆರೆಯ ಬಾಗಾಗಿ ಕಾಣುತ್ತಿತ್ತು. ನಮ್ಮ ದೇಶದಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಲ್ಲಿ ಎಡ ಹೃತ್ಕರ್ಣ ವಿಪರೀತ ಹಿಗ್ಗಿ, ತುತ್ತು ಇಳಿಯುವುದೇ ಕಷ್ಟವಾಗುವುದುಂಟು. ಅಂಥ ರೋಗಿಗೆ ಏಟ್ರಿಯಲ್ ಫಿಬ್ರಿಲೇಶನ್ ಕೂಡ ಇರುತ್ತದೆ. ಅನ್ನ ಗಂಟಲಲ್ಲಿ ನಿಲ್ಲುತ್ತದೆ, ಎದೆಯೂ ಹೊಡೆದುಕೊಳ್ಳುತ್ತದೆ ಎಂದು ಬರುವ ಹೆಣ್ಣುಮಗಳೊಬ್ಬಳ ತೊಂದರೆಗೆ ಹೊಟ್ಟೆಯಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ಎರಡೂ ಒಂದೇ ಕವಾಟದಿಂದ ಬಂದಿರುತ್ತವೆ.

ಇದೇ ನೆರೆತನ ಚಿಕಿತ್ಸೆಗೆ ತೊಡಕೂ ಆಗುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹೈಸಗೇರ್ ಮತ್ತು ಸಂಗಡಿಗರು 1998ರಲ್ಲಿ, ಫಿಬ್ರಿಲೇಶನ್ ಹೊತ್ತಿಸುವ ಕಿಡಿಗಳು ಬಹುತೇಕ ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬಂದು ಸೇರುವ ಅಭಿಧಮನಿಗಳ ಬಾಯಲ್ಲೇ ಹುಟ್ಟುತ್ತವೆ ಎಂದು ತೋರಿಸಿದರು. ಆ ಬಾಯಿಗಳ ಸುತ್ತ ಸುಟ್ಟು ಬೇಲಿ ಹಾಕುವ ಅಬ್ಲೇಶನ್ ಈಗ ರೂಢಿಯ ಚಿಕಿತ್ಸೆ. ಹಿಂಗೋಡೆಯನ್ನು ಸುಡುವಾಗ ಶಾಖ ಅನ್ನನಾಳಕ್ಕೆ ತಗುಲಿದರೆ, ತೀರಾ ವಿರಳವಾಗಿ, ಕೆಲವು ವಾರಗಳ ಮೇಲೆ ಎರಡರ ನಡುವೆ ತೂತು ಬೀಳಬಹುದು. ಪ್ರಾಣಕ್ಕೇ ಅಪಾಯದ ತೊಡಕು ಅದು. ಅದಕ್ಕಾಗಿ ಚಿಕಿತ್ಸೆಯ ಹೊತ್ತಿನಲ್ಲಿ ಅನ್ನನಾಳದೊಳಗೆ ಉಷ್ಣಮಾಪಕ ಇಳಿಬಿಡುವುದು, ಆಮೇಲೆ ಕೆಲವು ವಾರ ಆಮ್ಲ ತಗ್ಗಿಸುವ ಮಾತ್ರೆ ಕೊಡುವುದು ಅನೇಕ ಕೇಂದ್ರಗಳ ಪದ್ಧತಿ. ಅಬ್ಲೇಶನ್ ಆಗಿ ಎರಡು ಮೂರು ವಾರಕ್ಕೆ ಜ್ವರ, ಎದೆನೋವು, ನುಂಗಲು ನೋವು ಕಂಡರೆ ಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಓಡಬೇಕು. ಅಲ್ಲಿಗೆ ಮುಟ್ಟುವ ಮುನ್ನ ಬೇರೆಲ್ಲೋ ಎಂಡೋಸ್ಕೋಪಿ ಮಾಡಿಸಿಕೊಳ್ಳಬಾರದು. ಒಳಗೆ ಊದುವ ಗಾಳಿ ಆ ತೂತಿನ ಮೂಲಕ ಹೃದಯಕ್ಕೆ, ಅಲ್ಲಿಂದ ಮೆದುಳಿಗೆ ಹೋಗಬಹುದು.

ವೇಗಸ್ ನರ

ಹತ್ತನೆಯ ಕಪಾಲನರವಾದ ವೇಗಸ್ ಮೆದುಳಿನ ಬುಡದಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ, ಅನ್ನನಾಳ, ಜಠರಗಳಿಗೆ ಕವಲು ಕೊಡುತ್ತ ದೊಡ್ಡ ಕರುಳಿನ ಬಹುಭಾಗದವರೆಗೆ ಹೋಗುತ್ತದೆ. ಹೊಟ್ಟೆ ಮತ್ತು ಹೃದಯ ಒಂದೇ ನರದ ಆಳ್ವಿಕೆಯಲ್ಲಿವೆ ಎಂಬುದೇ ಈ ಇಡೀ ವಿಷಯದ ಕೇಂದ್ರ. ಈ ನರವನ್ನು ಕೆರಳಿಸಿದರೆ ಹೃದಯ ನಿಧಾನವಾಗುತ್ತದೆ, ನಿಂತೂ ಹೋಗುತ್ತದೆ ಎಂದು ವೇಬರ್ ಸಹೋದರರು 1845ರಲ್ಲಿ ತೋರಿಸಿದರು. 1921ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಓಟ್ಟೋ ಲೋವಿ ಎರಡು ಕಪ್ಪೆಗಳ ಹೃದಯಗಳನ್ನು ತೆಗೆದು, ಒಂದರ ವೇಗಸ್ ಕೆರಳಿಸಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಹನಿಸಿದರು, ಎರಡನೆಯದೂ ನಿಧಾನವಾಯಿತು. ನರ ಕೆಲಸ ಮಾಡುವುದು ಒಂದು ರಾಸಾಯನಿಕದ ಮೂಲಕ ಎಂಬುದು ಹೀಗೆ ಸಿದ್ಧವಾಯಿತು. ಆ ರಾಸಾಯನಿಕ ಅಸಿಟೈಲ್‌ಕೋಲೀನ್. ಲೋವಿ ಮತ್ತು ಹೆನ್ರಿ ಡೇಲ್ 1936ರ ನೊಬೆಲ್ ಹಂಚಿಕೊಂಡರು.

ಹೃದಯವನ್ನು ನಿಧಾನ ಮಾಡುವ ನರ ಅದನ್ನು ಅಡ್ಡಾದಿಡ್ಡಿ ಓಡಿಸುವುದು ಹೇಗೆ? ಅಸಿಟೈಲ್‌ಕೋಲೀನ್ ಸೈನಸ್ ಗಂಟನ್ನು ತಗ್ಗಿಸುವ ಜೊತೆಗೇ ಹೃತ್ಕರ್ಣದ ಸ್ನಾಯುಗಳು ಒಂದು ಮಿಡಿತದ ನಂತರ ಮತ್ತೆ ಸಿದ್ಧವಾಗಲು ತೆಗೆದುಕೊಳ್ಳುವ ಬಿಡುವನ್ನು ಮೊಟಕುಗೊಳಿಸುತ್ತದೆ. ನರದ ತುದಿಗಳು ಎಲ್ಲೆಡೆ ಸಮನಾಗಿ ಹರಡಿಲ್ಲ. ಒಂದು ಕಡೆ ಬಿಡುವು ಬಹಳ ಮೊಟಕಾಗಿ, ಪಕ್ಕದಲ್ಲಿ ಹಾಗೆಯೇ ಉಳಿದಾಗ ಸಂಕೇತ ಸುತ್ತು ಹೊಡೆಯಲು ಹಾದಿ ಸಿಗುತ್ತದೆ. ಆ ಹೊತ್ತಿನಲ್ಲಿ ಒಂದು ಅಕಾಲ ಬಡಿತ ಹುಟ್ಟಿದರೆ ಫಿಬ್ರಿಲೇಶನ್ ಹೊತ್ತಿಕೊಳ್ಳುತ್ತದೆ.

ಪ್ಯಾರಿಸ್ಸಿನ ಲಾರಿಬೋಸಿಯೇರ್ ಆಸ್ಪತ್ರೆಯ ಫಿಲಿಪ್ ಕೂಮೆಲ್ ಈ ಬಗೆಯನ್ನು ಬೇರೆಯಾಗಿ ಗುರುತಿಸಿದವರು. ಅವರು ಕಂಡ ರೋಗಿಗಳು ಹೆಚ್ಚಾಗಿ ನಡುವಯಸ್ಸಿನ ಗಂಡಸರು, ಹೃದಯದಲ್ಲಿ ಬೇರೆ ದೋಷವಿಲ್ಲದವರು. ದಾಳಿ ಬರುತ್ತಿದ್ದುದು ರಾತ್ರಿ, ಊಟದ ಮೇಲೆ, ಶ್ರಮ ಮುಗಿಸಿ ಕೂತಾಗ, ಮದ್ಯ ಕುಡಿದಾಗ, ಬೆಟ್ಟ ಹತ್ತುವಾಗಲ್ಲ. ವ್ಯಾಯಾಮದಲ್ಲಿ ಪಳಗಿದ ದೇಹಗಳಲ್ಲಿ ವೇಗಸ್ ಪ್ರಬಲವಾಗಿರುವುದರಿಂದ ದೀರ್ಘದೂರದ ಓಟಗಾರರಲ್ಲೂ ಇದು ಕಾಣುತ್ತದೆ. ಈ ವಿಂಗಡಣೆಯಿಂದ ಒಂದು ನೇರ ಪ್ರಯೋಜನವಿದೆ. ಎದೆಬಡಿತಕ್ಕೆ ಸಾಮಾನ್ಯವಾಗಿ ಬರೆಯುವ ಬೀಟಾ ಬ್ಲಾಕರ್ ಮತ್ತು ಡಿಗಾಕ್ಸಿನ್ ವೇಗಸ್ಸಿನ ಕೈ ಮೇಲಾಗಲು ಬಿಡುವುದರಿಂದ ಇಂಥವರಲ್ಲಿ ಕೆಲವೊಮ್ಮೆ ತೊಂದರೆಯನ್ನು ಹೆಚ್ಚಿಸುತ್ತವೆ. ‘ಯಾವ ಹೊತ್ತಿನಲ್ಲಿ ಬರುತ್ತದೆ, ಏನು ಉಂಡಿದ್ದಿರಿ’ ಎಂದು ಕೇಳುವ ವೈದ್ಯರು ಕಾಲಹರಣ ಮಾಡುತ್ತಿಲ್ಲ. ಚೀಟಿಯಲ್ಲಿ ಬರೆಯಬೇಕಾದ ಔಷಧಿ ಆ ಉತ್ತರದ ಮೇಲೆ ನಿಂತಿರಬಹುದು.

ರೋಮ್‌ಹೆಲ್ಡ್ ಕಂಡ ಲಕ್ಷಣಕೂಟ

ಜರ್ಮನಿಯ ನೆಕರ್ ನದಿ ದಂಡೆಯ ಗುಂಡೆಲ್ಸ್‌ಹೈಮ್‌ನಲ್ಲಿ, ಹಾರ್ನೆಕ್ ಕೋಟೆಯ ಆರೋಗ್ಯಧಾಮದಲ್ಲಿದ್ದ ಲುಡ್ವಿಗ್ ರೋಮ್‌ಹೆಲ್ಡ್ 1912ರಲ್ಲಿ ಜಠರ ಮತ್ತು ಹೃದಯ ಎರಡನ್ನೂ ಒಳಗೊಂಡ ಒಂದು ಲಕ್ಷಣಕೂಟವನ್ನು ವಿವರಿಸಿದರು. ಜಠರದಲ್ಲಿ ಅಥವಾ ಕರುಳಿನ ಎಡ ಮೇಲ್ತಿರುವಿನಲ್ಲಿ ಗಾಳಿ ತುಂಬಿ, ವಪೆ ಮೇಲೆದ್ದು, ಹೃದಯದ ಮೇಲೆ ಒತ್ತಡ ಬಿದ್ದು ಎದೆ ಬಿಗಿತ, ಉಸಿರು ಸಾಲದಿರುವಿಕೆ, ತಪ್ಪುವ ಬಡಿತ, ತಲೆಸುತ್ತು, ಅಂಜಿಕೆ ಬರುತ್ತವೆ. ತೇಗು ಬಂದರೆ, ಗಾಳಿ ಹೋದರೆ ಹಗುರಾಗುತ್ತದೆ ಎಂಬುದು ಅವರ ನಿರೂಪಣೆ. ಜರ್ಮನ್ ಮಾತಾಡುವ ನಾಡುಗಳಲ್ಲಿ ಇಂದಿಗೂ ಈ ಹೆಸರು ಬಳಕೆಯಲ್ಲಿದೆ. ಬೇರೆಡೆಯ ಪಠ್ಯಗಳು ಇದನ್ನು ಪ್ರತ್ಯೇಕ ರೋಗವೆಂದು ಅಷ್ಟಾಗಿ ಒಪ್ಪಿಲ್ಲ. ಒತ್ತಡದಿಂದ ಹೃದಯ ನೇರವಾಗಿ ಕೆರಳುವುದಕ್ಕಿಂತ, ಹಿಗ್ಗಿದ ಜಠರ ವೇಗಸ್ ನರವನ್ನು ಕೆರಳಿಸುವುದೇ ಮುಖ್ಯವೆಂದು ಈಗ ಹೆಚ್ಚಿನವರ ಎಣಿಕೆ. ರೋಮ್‌ಹೆಲ್ಡರ ಅವಲೋಕನ ಸುಳ್ಳಲ್ಲ. ಅದನ್ನು ಹೃದಯ ಪರೀಕ್ಷೆಗೆ ಬದಲಿಯಾಗಿ ಬಳಸುವುದು ತಪ್ಪು.

ಜಠರದ ಮೇಲ್ಭಾಗ ವಪೆಯ ಕಂಡಿಯಿಂದ ಎದೆಗೂಡಿನೊಳಕ್ಕೆ ಜಾರುವ ಹಯೇಟಸ್ ಹರ್ನಿಯಾದಲ್ಲಿ ಒತ್ತಡದ ಮಾತು ಹೆಚ್ಚು ನಿಜ. ಹರ್ನಿಯಾ ದೊಡ್ಡದಿದ್ದರೆ ಅದು ಎಡ ಹೃತ್ಕರ್ಣವನ್ನು ಹಿಂದಿನಿಂದ ಅದುಮಿರುವುದು ಎಕೋದಲ್ಲೇ ಕಾಣುತ್ತದೆ. ಶಸ್ತ್ರಚಿಕಿತ್ಸೆಯಿಂದ ಅದನ್ನು ಸರಿಪಡಿಸಿದ ಮೇಲೆ ಬಡಿತದ ತೊಂದರೆ ನಿಂತ ರೋಗಿಗಳ ವರದಿಗಳಿವೆ. ಬರಿಯ ಆಮ್ಲದ ಎದೆಯುರಿಯ ವಿಷಯ ಇಷ್ಟು ಸ್ಪಷ್ಟವಿಲ್ಲ. ಎದೆಯುರಿಯಿದ್ದವರಲ್ಲಿ ಫಿಬ್ರಿಲೇಶನ್ ಹೆಚ್ಚು ಎಂದು ಕೆಲವು ದೊಡ್ಡ ಸಮೀಕ್ಷೆಗಳು ಹೇಳಿದರೆ, ಇನ್ನು ಕೆಲವು ಅಂಥ ನಂಟು ಕಾಣಲಿಲ್ಲ ಎಂದಿವೆ. ಬೊಜ್ಜು, ಗೊರಕೆಯ ಉಸಿರುಕಟ್ಟುವಿಕೆ, ವಯಸ್ಸು, ಮದ್ಯ ಇವು ಎರಡೂ ತೊಂದರೆಗಳನ್ನು ತರುತ್ತವಾದ್ದರಿಂದ ಯಾವುದು ಯಾವುದಕ್ಕೆ ಕಾರಣ ಎಂದು ಬಿಡಿಸುವುದು ಸುಲಭವಲ್ಲ.

ನುಂಗುವ ಕ್ರಿಯೆಯಿಂದಲೇ ಬಡಿತ ಓಡುವುದು, ಅಥವಾ ನಿಂತು ಕಣ್ಣು ಕತ್ತಲಾಗುವುದು ಬಹಳ ವಿರಳ. ಆದರೆ ಪ್ರತಿ ತುತ್ತಿಗೂ ಇಸಿಜಿಯಲ್ಲಿ ಅಕಾಲ ಬಡಿತಗಳ ಸಾಲು ಮೂಡುವುದನ್ನು ವೈದ್ಯರು ದಾಖಲಿಸಿದ್ದಾರೆ. ಬಿಸಿಲಲ್ಲಿ ಬೆವೆತು ಬಂದು ಐಸಿನಂಥ ನೀರನ್ನು ಗಟಗಟ ಕುಡಿದಾಗ ಫಿಬ್ರಿಲೇಶನ್ ಶುರುವಾದವರೂ ಇದ್ದಾರೆ. ತಣ್ಣನೆಯ ಪಾನೀಯ ಬಿಟ್ಟದ್ದೇ ಅವರಿಗೆ ಔಷಧಿಯಾಗಿದೆ. ವಿಚಿತ್ರವೆಂದರೆ ಇದೇ ವೇಗಸ್ಸನ್ನು ಬೇಕೆಂದೇ ಕೆರಳಿಸಿ ಇನ್ನೊಂದು ಬಗೆಯ ಓಟವನ್ನು ನಿಲ್ಲಿಸಬಹುದು. ಮೇಲ್ಕೋಣೆಯಿಂದ ಬರುವ, ಕ್ರಮಬದ್ಧವಾದ ಅತಿವೇಗದ ಎಸ್‌ವಿಟಿಯಲ್ಲಿ ಉಸಿರು ಬಿಗಿಹಿಡಿದು ಮುಕ್ಕಿರಿಯುವ ವಾಲ್ಸಾಲ್ವಾ ಕ್ರಮ ಹಳೆಯದು. 15 ಸೆಕೆಂಡು ಮುಕ್ಕಿರಿದ ಕೂಡಲೇ ಮಲಗಿಸಿ ಕಾಲೆತ್ತಿ ಹಿಡಿದರೆ ಓಟ ನಿಲ್ಲುವವರ ಪ್ರಮಾಣ ನೂರಕ್ಕೆ 17ರಿಂದ 43ಕ್ಕೆ ಏರುತ್ತದೆ ಎಂದು ಇಂಗ್ಲೆಂಡಿನ ಒಂದು ಪ್ರಯೋಗ 2015ರಲ್ಲಿ ತೋರಿಸಿತು.

ಉಂಡ ಮೇಲೆ ರಕ್ತ ಎಲ್ಲಿ ಹೋಗುತ್ತದೆ

ಊಟವಾದ ಅರ್ಧ ಗಂಟೆಯಿಂದ ಕರುಳಿಗೆ ಹೋಗುವ ರಕ್ತ ಮೊದಲಿನ ಎರಡು ಪಟ್ಟಿಗೂ ಮಿಕ್ಕಿ ಏರಬಹುದು. ಉಳಿದ ದೇಹಕ್ಕೆ ಕೊರತೆಯಾಗದಂತೆ ಹೃದಯ ಹೆಚ್ಚು ದುಡಿಯಬೇಕು. ಬಡಿತ ಸ್ವಲ್ಪ ಏರುವುದು ಸಹಜ. ಮದುವೆ ಮನೆಯಲ್ಲಿ ಬಾಳೆಲೆಯ ತುಂಬ ಉಂಡು, ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ಪಾಯಸ ಕುಡಿದು ಎದ್ದವರಿಗೆ ಎದೆಬಡಿತ ಕಿವಿಗೆ ಕೇಳಿಸಿದರೆ ಆಶ್ಚರ್ಯವಿಲ್ಲ. ಮಿತವಾಗಿ ಉಂಡವರಿಗೆ ಈ ಬದಲಾವಣೆ ಗೊತ್ತಾಗುವುದಿಲ್ಲ.

ವಯಸ್ಸಾದವರಲ್ಲಿ, ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ಸೊರಗಿದವರಲ್ಲಿ, ಪಾರ್ಕಿನ್ಸನ್ ರೋಗಿಗಳಲ್ಲಿ ಈ ಸರಿಹೊಂದಿಕೆ ಕೆಡುತ್ತದೆ. ಉಂಡ ಎರಡು ಗಂಟೆಯೊಳಗೆ ಮೇಲಿನ ರಕ್ತದೊತ್ತಡ 20ರಷ್ಟು ಇಳಿದರೆ ಅದನ್ನು ಊಟದ ನಂತರದ ರಕ್ತದೊತ್ತಡ ಕುಸಿತ ಎನ್ನುತ್ತಾರೆ. ಬಿಸಿ ಊಟ, ಪಿಷ್ಟ ಹೆಚ್ಚಿರುವ ಊಟ, ದೊಡ್ಡ ಊಟ ಇದನ್ನು ಹೆಚ್ಚಿಸುತ್ತವೆ. ಅನ್ನ, ಮುದ್ದೆಗಳೇ ತಟ್ಟೆಯ ಮುಕ್ಕಾಲು ಪಾಲಾಗಿರುವ ನಮ್ಮ ಹಿರಿಯರ ಊಟಕ್ಕೆ ಇದು ನೇರ ಅನ್ವಯಿಸುತ್ತದೆ. ಊಟ ಮುಗಿಸಿ ಎದ್ದ ಅಜ್ಜ ಕೈತೊಳೆಯುವ ಕಡೆ ನಡೆಯುತ್ತ ಬಿದ್ದರೆ ಅದು ಕಾಲು ಜಾರಿದ್ದೇ ಆಗಿರಬೇಕೆಂದಿಲ್ಲ.

ಹೃದಯದ ರಕ್ತನಾಳಗಳು ಕಿರಿದಾಗಿದ್ದರೆ ಇದೇ ಹೆಚ್ಚುವರಿ ದುಡಿಮೆ ಎದೆನೋವನ್ನು ತರುತ್ತದೆ. ಲಂಡನ್ನಿನ ವಿಲಿಯಂ ಹೆಬರ್ಡನ್ 1768ರಲ್ಲಿ ಮಂಡಿಸಿ 1772ರಲ್ಲಿ ಪ್ರಕಟಿಸಿದ ಆಂಜೈನಾದ ಮೊದಲ ಪ್ರಸಿದ್ಧ ವಿವರಣೆಯಲ್ಲೇ, ಏರು ಹತ್ತುವಾಗ ಮತ್ತು ಉಂಡ ಕೂಡಲೇ ನಡೆಯುವಾಗ ನೋವು ಹಿಡಿಯುತ್ತದೆ ಎಂಬ ಮಾತಿದೆ. ಉಂಡ ಮೇಲೆ ಬರುವ ಎದೆನೋವೆಲ್ಲ ಹೊಟ್ಟೆಯದು ಎಂಬ ನಂಬಿಕೆಗೆ ಎರಡೂವರೆ ಶತಮಾನದ ಹಿಂದೆಯೇ ಉತ್ತರ ಸಿಕ್ಕಿತ್ತು.

ಹಸಿವಿಗೂ ಈ ಕಥೆಯಲ್ಲಿ ಪಾಲಿದೆ. ಇನ್ಸುಲಿನ್ ಚುಚ್ಚಿಕೊಂಡು ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ನುಂಗಿ ಊಟ ತಪ್ಪಿಸಿದವರಲ್ಲಿ ಗ್ಲೂಕೋಸ್ ಕುಸಿದು, ಅಡ್ರಿನಲಿನ್ ಉಕ್ಕಿ, ಬೆವರು, ನಡುಕ, ಡವಡವ ಶುರುವಾಗುತ್ತವೆ. ಇನ್ನೂ ಘೋರವಾದದ್ದು ಬಹಳ ದಿನ ಉಪವಾಸ ಬಿದ್ದ ದೇಹಕ್ಕೆ ಒಮ್ಮೆಲೇ ಊಟ ಕೊಟ್ಟಾಗ ಆಗುವ ಅನಾಹುತ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ, ಹಸಿದು ಬತ್ತಿದ ಜನರಲ್ಲಿ ಕೆಲವರು ಅನ್ನ ಸಿಕ್ಕಿದ ಮೇಲೆ ಸತ್ತರು. ಪಿಷ್ಟ ಒಳಗೆ ಹೋದೊಡನೆ ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶಗಳೊಳಕ್ಕೆ ಸೆಳೆಯುತ್ತದೆ. ಮೊದಲೇ ಸೊರಗಿದ ಹೃದಯ ತಾಳ ತಪ್ಪುತ್ತದೆ. ಆಸ್ಪತ್ರೆಗಳಲ್ಲಿ ಬಹಳ ದಿನ ಉಣ್ಣದಿದ್ದ ರೋಗಿಗೆ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ, ರಕ್ತ ಪರೀಕ್ಷಿಸುತ್ತ ಏರಿಸುವುದು ಇದೇ ಕಾರಣಕ್ಕೆ. ಮನೆಯವರು ಪ್ರೀತಿಯಿಂದ ಗುಟ್ಟಾಗಿ ತಂದುಕೊಡುವ ಬುತ್ತಿಯನ್ನು ದಾದಿಯರು ತಡೆದರೆ ಬೇಸರ ಪಡಬಾರದು.

ವಾಂತಿಭೇದಿ, ಲವಣಗಳು, ಮಾತ್ರೆಗಳು

ಹೃದಯದ ವಿದ್ಯುತ್ತು ನಡೆಯುವುದು ಲವಣಗಳ ಏರಿಳಿತದ ಮೇಲೆ. ಭೇದಿಯಲ್ಲಿ ಪೊಟ್ಯಾಸಿಯಂ ನೇರವಾಗಿ ಹೋಗುತ್ತದೆ. ವಾಂತಿಯಲ್ಲಿ ಬಹುಪಾಲು ಮೂತ್ರದ ಮೂಲಕ ಹೋಗುತ್ತದೆ. ಬಾವು ಇಳಿಸಲು ನೀರಿನ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಮೊದಲೇ ಕಡಿಮೆಯಿರುತ್ತದೆ. ಕೊರತೆ ಹೆಚ್ಚಿದಂತೆ ಕಾಲು ಸೋಲುತ್ತದೆ, ಹೊಟ್ಟೆ ಇನ್ನಷ್ಟು ಉಬ್ಬುತ್ತದೆ, ಅಕಾಲ ಬಡಿತಗಳು ಬರುತ್ತವೆ, ಕೊನೆಗೆ ಪ್ರಾಣಾಂತಿಕ ಅತಿವೇಗ ಹುಟ್ಟಬಹುದು. ಓಆರ್‌ಎಸ್ ಪುಡಿಯಲ್ಲಿ ಪೊಟ್ಯಾಸಿಯಂ ಸೇರಿಸಿರುವುದು ಇದಕ್ಕಾಗಿಯೇ. ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ. ಆದರೆ ಮೂತ್ರಪಿಂಡ ಸೋತವರಿಗೆ ಅದೇ ಅಪಾಯ, ಏಕೆಂದರೆ ಪೊಟ್ಯಾಸಿಯಂ ಹೆಚ್ಚಾದರೂ ಹೃದಯ ನಿಲ್ಲುತ್ತದೆ.

ಹೊಟ್ಟೆಗೆಂದು ನುಂಗುವ ಮಾತ್ರೆಗಳ ವಿಷಯದಲ್ಲಿ ನಮ್ಮಲ್ಲಿ ಅಸಡ್ಡೆ ಹೆಚ್ಚು. ಆಮ್ಲ ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ವರ್ಗದ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ರಕ್ತದ ಮೆಗ್ನೀಸಿಯಂ ಇಳಿದು ಬಡಿತದ ತೊಂದರೆ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಸಿತು. ಜಠರದ ಚಲನೆ ಹೆಚ್ಚಿಸುವ ಸಿಸಪ್ರೈಡ್ ಹೃದಯಕ್ಕೆ ತೊಂದರೆ ಕೊಟ್ಟದ್ದರಿಂದ 2000ರಲ್ಲಿ ಅಮೆರಿಕದ ಮಾರುಕಟ್ಟೆ ಬಿಟ್ಟಿತು. ಭಾರತ 2011ರಲ್ಲಿ ಅದನ್ನು ನಿಷೇಧಿಸಿತು. ಅದೇ ಬಗೆಯ, ಆದರೆ ಕಡಿಮೆ ಪ್ರಮಾಣದ ಅಪಾಯವಿರುವ ಡಾಂಪೆರಿಡೋನ್ ಬಳಕೆಯನ್ನು ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಬಿಗಿಗೊಳಿಸಿ, ವಯಸ್ಕರಿಗೆ ದಿನಕ್ಕೆ ಮೂರು ಸಲ 10 ಮಿಲಿಗ್ರಾಂ ಮೀರದಂತೆ, ಸಾಮಾನ್ಯವಾಗಿ ಒಂದು ವಾರ ದಾಟದಂತೆ, ವಾಕರಿಕೆ ವಾಂತಿಗಳಿಗೆ ಮಾತ್ರ ಎಂದಿತು. ಪ್ಯಾಂಟೊಪ್ರಜೋಲ್ ಮತ್ತು ಡಾಂಪೆರಿಡೋನ್ ಒಂದೇ ಗುಳಿಗೆಯಲ್ಲಿ ಸೇರಿ ನಮ್ಮ ಅಂಗಡಿಗಳಲ್ಲಿ ‘ಗ್ಯಾಸ್ ಮಾತ್ರೆ’ಯಾಗಿ ಸಿಗುತ್ತವೆ, ತಿಂಗಳುಗಟ್ಟಲೆ ನುಂಗುವವರೂ ಇದ್ದಾರೆ. ಎದೆಬಡಿತಕ್ಕೆಂದು ತೆಗೆದುಕೊಳ್ಳುವ ಆ ಮಾತ್ರೆಯೇ ಎದೆಬಡಿತಕ್ಕೆ ಕಾರಣವಾಗಬಲ್ಲದು ಎಂಬುದು ಅವರಿಗೆ ಯಾರೂ ಹೇಳಿರದ ಮಾತು. ಎರಿತ್ರೊಮೈಸಿನ್‌ನಂಥ ಕೆಲವು ಪ್ರತಿಜೈವಿಕಗಳು, ಫಂಗಸ್ ಔಷಧಿಗಳು ಜೊತೆ ಸೇರಿದರೆ ಅಪಾಯ ಏರುತ್ತದೆ.

ಗಿಡಮೂಲಿಕೆಯೆಂದರೆ ನಿರಪಾಯ ಎಂದೂ ಇಲ್ಲ. ಆಮ್ಲಪಿತ್ತಕ್ಕೆ, ಕೆಮ್ಮಿಗೆ ಬಳಸುವ ಜ್ಯೇಷ್ಠಮಧುವನ್ನು ಅತಿಯಾಗಿ ಬಹುದಿನ ತಿಂದರೆ ಅದರ ಗ್ಲಿಸಿರೈಜಿನ್ ಪೊಟ್ಯಾಸಿಯಂ ಇಳಿಸಿ ರಕ್ತದೊತ್ತಡ ಏರಿಸುತ್ತದೆ. ಕಣಗಿಲೆ ಬೀಜ ಮತ್ತು ಶುದ್ಧಿ ಮಾಡದ ವತ್ಸನಾಭಿ ಹೊಟ್ಟೆಗೆ ಹೋದರೆ ಮೊದಲು ವಾಂತಿ, ಆಮೇಲೆ ಬಡಿತ ಕೆಡುವುದು ತುರ್ತು ವಿಭಾಗಗಳಿಗೆ ಪರಿಚಿತ.

ಮದ್ಯ, ಕಾಫಿ, ತೂಕ

ಅಮೆರಿಕದ ನ್ಯೂಜೆರ್ಸಿಯಲ್ಲಿ ಫಿಲಿಪ್ ಎಟಿಂಗರ್ ಮತ್ತು ಸಂಗಡಿಗರು 1978ರಲ್ಲಿ, ವಾರಾಂತ್ಯ ಮತ್ತು ಹಬ್ಬದ ರಜೆಗಳಲ್ಲಿ ವಿಪರೀತ ಕುಡಿದು ಫಿಬ್ರಿಲೇಶನ್ ಹಿಡಿಸಿಕೊಂಡು ಬರುವವರಿಗೆ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟರು. ವಿಪರೀತ ಕುಡಿದರೆ ಮಾತ್ರವೇ ಎಂಬ ಪ್ರಶ್ನೆಗೆ 2020ರ ಆಸ್ಟ್ರೇಲಿಯದ ಪ್ರಯೋಗ ಉತ್ತರ ಕೊಟ್ಟಿತು. ನಿಯಮಿತವಾಗಿ ಕುಡಿಯುತ್ತಿದ್ದ 140 ಫಿಬ್ರಿಲೇಶನ್ ರೋಗಿಗಳಲ್ಲಿ ಕುಡಿತ ಬಿಡಲು ಸೂಚಿಸಿದ ಗುಂಪಿನಲ್ಲಿ ನೂರಕ್ಕೆ 53 ಮಂದಿಗೆ, ಮುಂದುವರಿಸಿದ ಗುಂಪಿನಲ್ಲಿ 73 ಮಂದಿಗೆ ತೊಂದರೆ ಮರುಕಳಿಸಿತು. ಊಟ ಪಾನೀಯಗಳ ಪಟ್ಟಿಯಲ್ಲಿ ಬಡಿತ ಕೆಡಿಸುವುದರಲ್ಲಿ ಮದ್ಯದಷ್ಟು ಗಟ್ಟಿ ಸಾಕ್ಷ್ಯವಿರುವ ಇನ್ನೊಂದು ವಸ್ತು ಇಲ್ಲ.

ಕಾಫಿಗೆ ಸಲ್ಲದ ಅಪವಾದ ಬಂದಿದೆ. ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು 100 ಆರೋಗ್ಯವಂತ ವಯಸ್ಕರಿಗೆ ಕಾಫಿ ಕುಡಿಯುವ ಮತ್ತು ಬಿಡುವ ದಿನಗಳನ್ನು ಗೊತ್ತುಮಾಡಿ ಬಡಿತ ದಾಖಲಿಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಹೃತ್ಕರ್ಣದ ಅಕಾಲ ಬಡಿತಗಳು ಕಾಫಿಯಿಂದ ಗಮನಾರ್ಹವಾಗಿ ಹೆಚ್ಚಲಿಲ್ಲ. ಹೃತ್ಕುಕ್ಷಿಯವು ಹೆಚ್ಚಿದವು, ನಿದ್ರೆ ಕಡಿಮೆಯಾಯಿತು. ಅದೇ ಬಳಗ 2025ರಲ್ಲಿ, ವಿದ್ಯುತ್ ಆಘಾತದಿಂದ ಫಿಬ್ರಿಲೇಶನ್ ಸರಿಪಡಿಸಿಕೊಂಡ 200 ಮಂದಿಯಲ್ಲಿ ದಿನಕ್ಕೊಂದು ಕಪ್ಪಾದರೂ ಕುಡಿದವರಿಗೆ ಬಿಟ್ಟವರಿಗಿಂತ ಮರುಕಳಿಕೆ ಕಡಿಮೆ ಎಂದು ವರದಿ ಮಾಡಿತು. ಚಿಕ್ಕಮಗಳೂರಿನ ಬೀಜ, ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್ ಬಿಟ್ಟು ಕೊರಗುತ್ತಿರುವ ರೋಗಿಗೆ, ಕುಡಿದಾಗ ನಿಜಕ್ಕೂ ತೊಂದರೆಯಾಗದಿದ್ದರೆ, ಒಂದೆರಡು ಲೋಟ ಹಿಂತಿರುಗಿಸಬಹುದು. ಎದೆಯುರಿ ಇರುವವರ ಲೆಕ್ಕ ಬೇರೆ.

ತೂಕದ ಬಗ್ಗೆ ಅಡಿಲೇಡಿನಿಂದ 2015ರಲ್ಲಿ ಬಂದ ಅಧ್ಯಯನ ಮಹತ್ವದ್ದು. ಫಿಬ್ರಿಲೇಶನ್ ಇದ್ದ ಸ್ಥೂಲಕಾಯದವರಲ್ಲಿ ದೇಹತೂಕದ ನೂರಕ್ಕೆ 10ರಷ್ಟನ್ನಾದರೂ ಇಳಿಸಿ ಉಳಿಸಿಕೊಂಡವರು ತೊಂದರೆಯಿಲ್ಲದೆ ಇರುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು ಹೆಚ್ಚಿತ್ತು. ಇಳಿಸಿ ಏರಿಸಿ ಮಾಡಿದವರಿಗೆ ಆ ಲಾಭ ಕರಗಿತು. ತೂಕ ಇಳಿದರೆ ಎದೆಯುರಿಯೂ ಗೊರಕೆಯೂ ತಗ್ಗುತ್ತವೆ. ರಾತ್ರಿ ಹತ್ತೂವರೆಗೆ ಉಂಡು ಹಾಸಿಗೆಗೆ ಬೀಳುವ ಪಟ್ಟಣದ ರೂಢಿ ಬಿಟ್ಟು, ಮಲಗುವ ಎರಡು ಮೂರು ಗಂಟೆ ಮುಂಚೆ ಮಿತವಾಗಿ ಉಣ್ಣುವುದೂ ಇದೇ ಚಿಕಿತ್ಸೆಯ ಭಾಗ. ಎಡಮಗ್ಗುಲಾಗಿ ಮಲಗಿದಾಗ ಬಡಿತ ಜೋರಾಗಿ ಕೇಳಿಸುವುದು ಹೃದಯ ಎದೆಗೋಡೆಗೆ ಹತ್ತಿರ ಬರುವುದರಿಂದ. ಅದಷ್ಟೇ ಇದ್ದರೆ ಹೆದರಬೇಕಿಲ್ಲ.

ಹೃದಯದಿಂದ ಹೊಟ್ಟೆಗೆ

ದಾರಿ ಎರಡೂ ಕಡೆಗಿದೆ. ಹೃದಯದ ಕೆಳಗೋಡೆಗೆ ಆಘಾತವಾದಾಗ ಅಲ್ಲಿನ ವೇಗಸ್ ತುದಿಗಳು ಕೆರಳಿ ವಾಂತಿ, ಬೆವರು, ಮೇಲ್ಹೊಟ್ಟೆಯ ಉರಿ, ನಿಧಾನ ನಾಡಿ ಬರುತ್ತವೆ, ಎದೆನೋವೇ ಇಲ್ಲದಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಇದು ಹೆಚ್ಚು. ಹೃದಯ ಸೋತು ಯಕೃತ್ತಿನಲ್ಲಿ ರಕ್ತ ಕಟ್ಟಿದರೆ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಫಿಬ್ರಿಲೇಶನ್‌ನ ಹೆಪ್ಪು ಮೆದುಳಿಗೆ ಬದಲು ಕರುಳಿನ ಧಮನಿಗೆ ಹೋದರೆ ಸಹಿಸಲಾರದ ಹೊಟ್ಟೆನೋವು. ಮುಟ್ಟಿ ನೋಡಿದರೆ ಹೊಟ್ಟೆ ಮೊದಮೊದಲು ಮೃದುವಾಗಿಯೇ ಇರುತ್ತದೆ. ನೋವು ಅಷ್ಟು, ಪರೀಕ್ಷೆಯಲ್ಲಿ ಸಿಗುವುದು ಇಷ್ಟೇ ಎಂಬ ಈ ಹೊಂದಿಕೆಯಿಲ್ಲದಿರುವಿಕೆಯೇ ಸುಳಿವು. ನಾಡಿ ಅಕ್ರಮವಾಗಿರುವ ವೃದ್ಧರು ಹಾಗೆ ಒದ್ದಾಡುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು, ತಡವಾದರೆ ಗಂಟೆಗಳೊಳಗೆ ಕರುಳು ಕೊಳೆಯುತ್ತದೆ.

ಪತ್ತೆ ಮತ್ತು ಉಪಚಾರ

ತೊಂದರೆ ಇರುವಾಗಲೇ ತೆಗೆದ ಇಸಿಜಿಗೆ ಸಮನಾದ ಸಾಕ್ಷ್ಯವಿಲ್ಲ. ಬಂದು ಹೋಗುವ ತೊಂದರೆಗೆ, ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ 1961ರಲ್ಲಿ ಪ್ರಕಟಿಸಿದ ವಿಧಾನದಿಂದ ಬೆಳೆದ, ಸೊಂಟಕ್ಕೋ ಎದೆಗೋ ಕಟ್ಟಿಕೊಂಡು 24 ಗಂಟೆ ಇಲ್ಲವೇ ಹೆಚ್ಚು ಕಾಲ ಬಡಿತ ದಾಖಲಿಸುವ ಯಂತ್ರವಿದೆ. ಅದನ್ನು ಕಟ್ಟಿಕೊಂಡ ದಿನ ಪಥ್ಯ ಮಾಡಬಾರದು; ದಿನವೂ ಉಣ್ಣುವಂತೆ ಉಂಡು, ಊಟ, ತೇಗು, ಎದೆಬಡಿತ ಮೂರರ ಹೊತ್ತನ್ನೂ ಬರೆದಿಡಬೇಕು. ಯಂತ್ರದ ಗೆರೆಗೂ ಆ ಚೀಟಿಗೂ ತಾಳೆಯಾದರೆ ಹೊಟ್ಟೆಯ ಮೇಲಿನ ಸಂಶಯ ಗಟ್ಟಿಯಾಗುತ್ತದೆ. ಜೊತೆಗೆ ಎಕೋ, ಥೈರಾಯ್ಡ್, ಹಿಮೋಗ್ಲೋಬಿನ್, ಪೊಟ್ಯಾಸಿಯಂ, ಮೆಗ್ನೀಸಿಯಂ ಪರೀಕ್ಷೆಗಳು. ಆಮೇಲೆ ಬೇಕಿದ್ದರೆ ಎಂಡೋಸ್ಕೋಪಿ.

ಎದೆನೋವು, ಬೆವರು, ಉಸಿರಾಟದ ಕಷ್ಟ, ಪ್ರಜ್ಞೆ ತಪ್ಪುವುದು, ಕೈಕಾಲು ಸ್ವಾಧೀನ ತಪ್ಪುವುದು ಎದೆಬಡಿತದ ಜೊತೆ ಕಂಡರೆ ಮನೆಮದ್ದಿಗೆ ಒಂದು ನಿಮಿಷವನ್ನೂ ಕೊಡಬಾರದು, 108ಕ್ಕೆ ಕರೆ ಮಾಡಬೇಕು. ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೆಂಗಳೂರಿನ ಜಯದೇವದಂಥ ಹೃದ್ರೋಗ ಕೇಂದ್ರಗಳ ತಜ್ಞರಿಗೆ ಕಳಿಸಿ, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ಏರ್ಪಾಡಿದೆ.

ಫಿಬ್ರಿಲೇಶನ್ ಎಂದು ಖಚಿತವಾದ ಮೇಲೆ ಊಟದ ವಿಷಯ ಇನ್ನೊಂದು ರೂಪದಲ್ಲಿ ಬರುತ್ತದೆ. ಹೆಪ್ಪು ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ. ಅದರಲ್ಲಿರುವ ವಿಟಮಿನ್ ಕೆ ಔಷಧಿಗೆ ಎದುರಾಗಿ ಕೆಲಸ ಮಾಡುವುದರಿಂದ ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ ತಪ್ಪಿಸಬಾರದು. ರುಮ್ಯಾಟಿಕ್ ಕವಾಟದ ರೋಗಿಗಳಿಗೆ ಇಂದಿಗೂ ವಾರ್ಫರಿನ್ ವರ್ಗವೇ ಆಧಾರ. ಹೊಸ ಮಾತ್ರೆಗಳಲ್ಲಿ ಡಾಬಿಗಾಟ್ರಾನ್ ಕೆಲವರಿಗೆ ಎದೆಯುರಿ ತರುತ್ತದೆ. ರಿವರಾಕ್ಸಬಾನ್‌ನ 15 ಮತ್ತು 20 ಮಿಲಿಗ್ರಾಂ ಗುಳಿಗೆಗಳನ್ನು ಊಟದ ಜೊತೆಗೇ ನುಂಗಬೇಕು, ಬರಿಹೊಟ್ಟೆಯಲ್ಲಿ ಅದು ಸಾಕಷ್ಟು ಒಳಗೆ ಹೀರಲ್ಪಡುವುದಿಲ್ಲ. ಇವುಗಳ ಜೊತೆ ನೋವಿನ ಮಾತ್ರೆ ನುಂಗಿದರೆ ಜಠರದಲ್ಲಿ ರಕ್ತ ಸುರಿಯುವ ಅಪಾಯವಿದೆ. ಮಲ ಟಾರಿನಂತೆ ಕಪ್ಪಾದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.